ವಾತರಕ್ತದ ಮದ್ದು: ನಿತ್ಯ ನಿಯಮವೇ ಕ್ಷೇಮ

ಅರಸೀಕೆರೆಯ ಸಮೀಪದ ಜೇನುಕಲ್ ಸಿದ್ಧೇಶ್ವರಸ್ವಾಮಿಯ ಬೆಟ್ಟವನ್ನು ಹುಣ್ಣಿಮೆಯ ದಿನ ಹತ್ತಿ ದರ್ಶನ ಪಡೆಯುವ ಸಂಪ್ರದಾಯವು ನಮ್ಮ ಸೀಮೆಯ ಸದ್ಭಕ್ತರಿಗೆಲ್ಲ ತಿಳಿದದ್ದೇ ಆಗಿದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಹುಣ್ಣಿಮೆಗೆ ನಮ್ಮ ಭಾವನವರು ಹಳೇಬೀಡಿನ ಕಡೆಯ ತಮ್ಮ ಹಳ್ಳಿಯಿಂದ ನಮ್ಮ ಮನೆಗೆ ಬಂದಿದ್ದರು. ಬೆಳಗಿನಿಂದ ನಿರಾಹಾರರಾಗಿದ್ದು, ಬಿಸಿಲಿನಲ್ಲಿ ನೀರನ್ನೂ ಸರಿಯಾಗಿ ಕುಡಿಯದೆ, ಬೆಟ್ಟ ಹತ್ತಿಳಿದು ಬಂದು ಮಲಗಿದರು. ನಡುರಾತ್ರಿ ಅವರ ನರಳಾಟ ಕೇಳಿ ದೀಪ ಹಾಕಿ ನೋಡಿದರೆ, ಬಲಗಾಲಿನ ಹೆಬ್ಬೆರಳಿನ ಬುಡವು ಕೆಂಪೇರಿ ಊದಿಕೊಂಡಿತ್ತು. ಹೊದ್ದ ಪಂಚೆಯ ಅಂಚು ತಾಗಿದರೂ ಅವರಿಂದ ತಾಳಲಾಗುತ್ತಿರಲಿಲ್ಲ. "ಪಂಡಿತರೇ, ಏನೋ ಕಚ್ಚಿರಬೇಕು ನೋಡಿ" ಎಂದರು.

ಯಾವುದೂ ಕಚ್ಚಿರಲಿಲ್ಲ. ಆದರೆ ಅದು ಏನೆಂದು ತಿಳಿಯುವ ವಿವೇಕ ಅಂದು ನಮಗೂ ಇರಲಿಲ್ಲ. ಮಠದ ಪಾಠಶಾಲೆಯಲ್ಲಿ ಸಂಸ್ಕೃತದ ಜೊತೆಗೆ ಆಯುರ್ವೇದದ ಕೆಲವು ಶ್ಲೋಕಗಳನ್ನೂ ಓದಿಕೊಂಡಿದ್ದ ಅಭಿಮಾನದಿಂದ, ಇದು ಬೆಟ್ಟ ಹತ್ತಿದ್ದರಿಂದಾದ ವಾಯುವಿಕಾರವೆಂದು ನಿರ್ಣಯಿಸಿ, ಜಾತ್ರೆಯೊಂದರಲ್ಲಿ ಕೊಂಡಿಟ್ಟಿದ್ದ ಪುಡಿಯನ್ನು ಜೇನಿನಲ್ಲಿ ಕಲಸಿ ಕೊಟ್ಟೆವು. ವಾರದೊಳಗೆ ಬೇನೆ ಇಳಿಯಿತು. ಪುಡಿಯ ಮೇಲೆ ನಮಗೂ ಅವರಿಗೂ ನಂಬಿಕೆ ಹುಟ್ಟಿತು. ಮುಂದೆ ಬೇನೆ ಮರುಕಳಿಸಿದಾಗಲೆಲ್ಲ ಪುಡಿ. ಪುಡಿ ಸಾಲದಿದ್ದಾಗ ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ತಂದ ನೋವಿನ ಮಾತ್ರೆ. ಹೀಗೆ ನಾಲ್ಕು ವರ್ಷ ಕಳೆದ ಮೇಲೆ, ಮುಖ ಊದಿ, ಸುಸ್ತಾಗಿ, ಹಾಸನದ ವೈದ್ಯರ ಬಳಿಗೆ ಹೋದಾಗ ಅವರು ರಕ್ತಪರೀಕ್ಷೆಯ ಕಾಗದವನ್ನು ಮುಂದಿಟ್ಟು ಹೇಳಿದ್ದು ಇಷ್ಟು: "ಕಾಯಿಲೆ ಗೌಟ್. ಇದಕ್ಕೆ ಒಳ್ಳೆಯ ಮದ್ದಿದೆ. ಆದರೆ ಇಷ್ಟು ವರ್ಷ ನುಂಗಿದ ನೋವಿನ ಮಾತ್ರೆಗಳಿಂದ ಮೂತ್ರಪಿಂಡಗಳು ಸೊರಗಿವೆ. ಮೊದಲೇ ಬರಬೇಕಾಗಿತ್ತು."

ಪುಡಿಯಲ್ಲಿ ಏನಿತ್ತೆಂಬುದನ್ನು ಈಗ ಯಾರೂ ಹೇಳಲಾರರು. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರೇ ಇರಲಿಲ್ಲ. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಕಂಡುಬಂದ ಉದಾಹರಣೆಗಳು ನಮ್ಮ ದೇಶದಲ್ಲಿ ಉಂಟೆಂದು ವೈದ್ಯರು ತಿಳಿಸಿದರು. ಭಾವನವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆದರೆ ಅವರು ಆ ಪುಡಿಯನ್ನು ನಂಬಿದ್ದು ಅದನ್ನು ಕೊಟ್ಟವರು ಪಂಡಿತರೆಂಬ ಒಂದೇ ಕಾರಣಕ್ಕೆ. ಆ ಭಾರ ನಮ್ಮ ಮೇಲಿದೆ. ಆದ್ದರಿಂದ ಅಲ್ಲಿಂದೀಚೆಗೆ ವೈದ್ಯರಿಂದ ಕೇಳಿ, ಓದಿ, ಭಾವನವರ ಶುಶ್ರೂಷೆಯಲ್ಲಿ ಕಂಡು ತಿಳಿದ ವಿಷಯಗಳನ್ನು ಈ ಪತ್ರಿಕೆಯ ವಾಚಕ ಕುಟುಂಬಗಳ ಮುಂದೆ ನಿವೇದಿಸುತ್ತಿದ್ದೇವೆ.

ವ್ಯಾಧಿಯ ಸ್ವರೂಪ

ಗೌಟ್ ಹೊಸ ರೋಗವಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾತರಕ್ತವೆಂಬ ಹೆಸರಿನಲ್ಲಿ ಇದನ್ನು ಹೋಲುವ ವ್ಯಾಧಿಗೆ ಪ್ರತ್ಯೇಕ ಅಧ್ಯಾಯವೇ ಇದೆ. ಪಾಶ್ಚಾತ್ಯ ದೇಶಗಳಲ್ಲಿ ಇದನ್ನು ಅರಸರ ರೋಗವೆನ್ನುತ್ತಿದ್ದರು. ಮಾಂಸ ಮದ್ಯಗಳು ಹೇರಳವಾಗಿದ್ದ ಶ್ರೀಮಂತರಲ್ಲಿ ಅದು ಹೆಚ್ಚಾಗಿ ಕಾಣುತ್ತಿತ್ತು.

ನಮ್ಮ ದೇಹದ ಜೀವಕೋಶಗಳು ಸವೆದು ಹುಟ್ಟುವಾಗಲೂ, ಕೆಲವು ಆಹಾರಗಳು ಜೀರ್ಣವಾಗುವಾಗಲೂ ಪ್ಯೂರಿನ್ ಎಂಬ ವಸ್ತು ಒಡೆದು ಯೂರಿಕ್ ಆಮ್ಲವಾಗುತ್ತದೆ. ಅದರಲ್ಲಿ ಸುಮಾರು ಮೂರನೆಯ ಎರಡು ಪಾಲು ಮೂತ್ರದ ಮೂಲಕ, ಉಳಿದದ್ದು ಕರುಳಿನ ಮೂಲಕ ಹೊರಹೋಗಬೇಕು. ಹೊರಹೋಗುವುದು ಕಡಿಮೆಯಾದರೆ ರಕ್ತದಲ್ಲಿ ಅದು ಸಂಗ್ರಹವಾಗುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು ೬.೮ ಮಿಲಿಗ್ರಾಂ ಮೀರಿದರೆ ಅದು ಕರಗಿ ನಿಲ್ಲಲಾರದೆ, ಸೂಜಿಯಂಥ ಹರಳುಗಳಾಗಿ ಸಂಧಿಗಳಲ್ಲಿ ಕೂರುತ್ತದೆ. ದೇಹದಲ್ಲಿ ತಂಪಾಗಿರುವ ಭಾಗ ಪಾದವಾದ್ದರಿಂದ ಹೆಬ್ಬೆರಳಿನ ಬುಡವೇ ಅದಕ್ಕೆ ಪ್ರಿಯವಾದ ಸ್ಥಳ. ಮೂತ್ರದಲ್ಲಿ ಕಲ್ಲಾಗುವುದೂ, ವರ್ಷಗಳ ನಂತರ ಬೆರಳುಗಳಲ್ಲಿ, ಮೊಣಕೈಯಲ್ಲಿ, ಕಿವಿಯ ಅಂಚಿನಲ್ಲಿ ಸುಣ್ಣದಂಥ ಗಂಟುಗಳಾಗುವುದೂ ಉಂಟು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗೌಟ್‌ನ ಮೊದಲ ಬೇನೆ ಯಾವ ಮದ್ದೂ ಇಲ್ಲದಿದ್ದರೂ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾನೇ ಇಳಿಯುತ್ತದೆ. ಆದ್ದರಿಂದ ಆ ಸಮಯದಲ್ಲಿ ಯಾರು ಏನು ಕೊಟ್ಟಿದ್ದರೂ, ಲೇಪವಾಗಲಿ, ಮಂತ್ರಿಸಿದ ದಾರವಾಗಲಿ, ನಮ್ಮ ಪುಡಿಯಾಗಲಿ, ಕೀರ್ತಿಯೆಲ್ಲ ಅದಕ್ಕೇ ಸಲ್ಲುತ್ತದೆ. ಬೇನೆ ಹೋದರೂ ಹರಳುಗಳು ಹೋಗಿರುವುದಿಲ್ಲ. ನಾವು ಮೋಸಹೋದದ್ದು ಇಲ್ಲಿಯೇ.

ಮಾಂಸ ಮದ್ಯವಿಲ್ಲದ ಮನೆಗೆ ಈ ರೋಗವೇಕೆ?

"ನಾವು ಲಿಂಗವಂತರು, ಮಾಂಸ ಮುಟ್ಟಿದವರಲ್ಲ, ಮದ್ಯ ಕಂಡವರಲ್ಲ; ನಮಗೆ ಈ ರೋಗವೆಂದರೆ ಜನ ಏನೆಂದಾರು?" ಇದು ವೈದ್ಯರೆದುರಿಗೆ ಭಾವನವರು ಆಡಿದ ಮೊದಲ ಮಾತು. ಈ ಸಂಕೋಚದಿಂದಲೇ ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರು ರೋಗದ ಹೆಸರನ್ನು ಮುಚ್ಚಿಟ್ಟು, ಕಾಲು ಉಳುಕಿದೆಯೆಂದು ಹೇಳಿ ದಿನ ಕಳೆಯುತ್ತಾರೆ.

ಸಂಕೋಚಕ್ಕೆ ಕಾರಣವಿಲ್ಲ. ಈ ರೋಗಿಗಳಲ್ಲಿ ಹೆಚ್ಚಿನವರ ತೊಂದರೆ ಊಟದ್ದಲ್ಲ, ಮೂತ್ರಪಿಂಡಗಳು ಯೂರಿಕ್ ಆಮ್ಲವನ್ನು ಸಾಕಷ್ಟು ಹೊರಹಾಕದಿರುವುದು. ಅದರಲ್ಲಿ ವಂಶಪಾರಂಪರ್ಯದ ಪಾಲು ದೊಡ್ಡದು. ತಂದೆಗೆ ಇದ್ದರೆ ಮಕ್ಕಳಿಗೂ ಬರಬಹುದು. ಸ್ಥೂಲಕಾಯ, ರಕ್ತದೊತ್ತಡ, ಮೂತ್ರಪಿಂಡದ ದೌರ್ಬಲ್ಯ ಇವು ಕಾರಣವಾಗುತ್ತವೆ. ರಕ್ತದೊತ್ತಡಕ್ಕೂ ಕಾಲಿನ ಬಾವಿಗೂ ಕೊಡುವ, ಮೂತ್ರವನ್ನು ಹೆಚ್ಚಿಸುವ ಕೆಲವು ಮಾತ್ರೆಗಳೂ ಯೂರಿಕ್ ಆಮ್ಲವನ್ನು ಏರಿಸುತ್ತವೆ. ಗಂಡಸರಲ್ಲಿ ಇದು ಹೆಚ್ಚು. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಕಾಣಿಸಿಕೊಳ್ಳುವುದುಂಟು.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಂಬಿ ಬೇಳೆಕಾಳುಗಳನ್ನೆಲ್ಲ ಬಿಟ್ಟು ಸೊರಗುವವರೂ ಇದ್ದಾರೆ. ಅಮೆರಿಕದಲ್ಲಿ ೪೭,೦೦೦ಕ್ಕೂ ಹೆಚ್ಚು ಗಂಡಸರನ್ನು ೧೨ ವರ್ಷ ಗಮನಿಸಿ ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂಸ ಮತ್ತು ಮೀನು ಹೆಚ್ಚು ತಿನ್ನುವವರಿಗೆ ಗೌಟ್ ಹೆಚ್ಚಾಗಿಯೂ, ಹಾಲು ಮೊಸರು ಬಳಸುವವರಿಗೆ ಕಡಿಮೆಯಾಗಿಯೂ ಕಂಡಿತು. ಪ್ಯೂರಿನ್ ಹೆಚ್ಚಿರುವ ತರಕಾರಿ ಕಾಳುಗಳಿಂದ ಅಪಾಯ ಹೆಚ್ಚಲಿಲ್ಲ. ಆದುದರಿಂದ ಮುದ್ದೆಯ ಜೊತೆ ಅವರೆಕಾಳಿನ ಸಾರು, ಹುರುಳಿ ಬಸ್ಸಾರು, ತೊಗರಿಬೇಳೆ, ಮಜ್ಜಿಗೆ ಇವುಗಳಿಗೆ ಹೆದರಬೇಕಾಗಿಲ್ಲ. ಮೂತ್ರಪಿಂಡ ದುರ್ಬಲವಾಗಿರುವವರು ಮಾತ್ರ ಕಾಳಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಮಿತಿ ಬೇಕಾದದ್ದು ಸಿಹಿಯಲ್ಲಿ. ಬಾಟಲಿಯ ತಂಪು ಪಾನೀಯ, ಸಕ್ಕರೆ ಬೆಲ್ಲ ತುಂಬಿದ ತಿಂಡಿಗಳು ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತವೆ.

ಇಷ್ಟು ಮಾಡಿದರೂ ಪಥ್ಯದಿಂದ ಇಳಿಯುವುದು ಅಲ್ಪ. ಬಹುಪಾಲು ಜನರಿಗೆ ಸುಮಾರು ಒಂದು ಮಿಲಿಗ್ರಾಂ ಮಾತ್ರ. ಒಂಬತ್ತು ಹತ್ತು ಇರುವವರು ಆರಕ್ಕಿಂತ ಕೆಳಗೆ ಬರಬೇಕಾದರೆ ಮದ್ದು ಬೇಕೇ ಬೇಕು.

ಕೆರೆಯ ಹೂಳು

ನಮ್ಮ ಊರಿಗೆ ಹೆಸರು ಬಂದದ್ದು ಅರಸಿಯ ಕೆರೆಯಿಂದ. ಹಳೇಬೀಡು ದೋರಸಮುದ್ರವೆನಿಸಿದ್ದೂ ಕೆರೆಯಿಂದಲೇ. ಆದ್ದರಿಂದ ಕೆರೆಯ ಭಾಷೆಯಲ್ಲಿಯೇ ಹೇಳುತ್ತೇವೆ. ವರ್ಷವರ್ಷವೂ ಕೆರೆಯಲ್ಲಿ ಹೂಳು ಕೂರುವಂತೆ ಸಂಧಿಯಲ್ಲಿ ಹರಳು ಕೂರುತ್ತದೆ. ಒಂದು ದಿನ ನೀರು ಉಕ್ಕಿ ಏರಿ ಒಡೆಯುತ್ತದೆ. ಅದೇ ರಾತ್ರಿಯ ಬೇನೆ. ಒಡೆದ ಏರಿಗೆ ಮಣ್ಣು ಹಾಕುವುದು ಒಂದು ಕೆಲಸ. ಹೂಳೆತ್ತುವುದು ಮತ್ತೊಂದು ಕೆಲಸ. ಮೊದಲನೆಯದನ್ನು ಮಾತ್ರ ಮಾಡಿ ಎರಡನೆಯದನ್ನು ಬಿಟ್ಟರೆ ಏರಿ ಮತ್ತೆ ಮತ್ತೆ ಒಡೆಯುತ್ತದೆ.

ಗೌಟ್‌ನ ಮದ್ದುಗಳಲ್ಲಿಯೂ ಹೀಗೆಯೇ ಎರಡು ಬಗೆ. ನೋವಿನ ಮಾತ್ರೆ, ಕಾಲ್ಚಿಸಿನ್, ಸ್ಟೀರಾಯ್ಡ್ ಇವು ಬಂದ ಬೇನೆಯನ್ನು ಇಳಿಸುವಂಥವು. ಅಲೊಪ್ಯೂರಿನಾಲ್, ಫೆಬುಕ್ಸೊಸ್ಟಾಟ್ ಇವು ಯೂರಿಕ್ ಆಮ್ಲ ಹುಟ್ಟುವುದನ್ನೇ ತಗ್ಗಿಸಿ, ಕೂತ ಹರಳನ್ನು ಮೆಲ್ಲಮೆಲ್ಲನೆ ಕರಗಿಸುವಂಥವು. ಬೇನೆ ಬಂದ ರಾತ್ರಿ ಅಲೊಪ್ಯೂರಿನಾಲ್ ನುಂಗಿದರೆ ಆ ನೋವು ಇಳಿಯುವುದಿಲ್ಲ. ನೋವಿನ ಮಾತ್ರೆಯನ್ನು ವರ್ಷವಿಡೀ ನುಂಗಿದರೂ ಒಂದು ಹರಳೂ ಕರಗುವುದಿಲ್ಲ.

ಹೂಳೆತ್ತಲು ಇಳಿದಾಗ ಮೊದಲು ನೀರು ಕದಡುತ್ತದೆ. ಇದೇ ರೀತಿ ಅಲೊಪ್ಯೂರಿನಾಲ್ ಆರಂಭಿಸಿದ ಮೊದಲ ಕೆಲವು ತಿಂಗಳುಗಳಲ್ಲಿ, ಕೂತಿದ್ದ ಹರಳು ಅಲುಗುವುದರಿಂದ ಬೇನೆ ಮರುಕಳಿಸಬಹುದು. ಇದು ಮದ್ದು ಕೆಲಸ ಮಾಡುತ್ತಿರುವುದರ ಫಲವೇ ಹೊರತು ಮದ್ದು ಒಗ್ಗದಿರುವ ಲಕ್ಷಣವಲ್ಲ. ಈ ವಿಷಯದಲ್ಲಿಯೂ ನಾವು ಎಡವಿದೆವು. ಹಾಸನದ ವೈದ್ಯರು ಮಾತ್ರೆ ಆರಂಭಿಸಿ ಮೂರನೆಯ ವಾರಕ್ಕೆ ಭಾವನವರಿಗೆ ಬೇನೆ ಬಂದಿತು. "ಈ ಗುಳಿಗೆ ನಿಮ್ಮ ಶರೀರಕ್ಕೆ ಆಗಿಬಂದಿಲ್ಲ, ಬಿಟ್ಟುಬಿಡಿ ಭಾವ" ಎಂದು ದೂರವಾಣಿಯಲ್ಲಿ ಹೇಳಿದವರು ನಾವೇ. ಅಕ್ಕನವರು ಮಾತ್ರ ಒಪ್ಪಲಿಲ್ಲ. "ಕೊಟ್ಟವರನ್ನು ಕೇಳದೆ ಬಿಡುವುದು ಬೇಡ" ಎಂದು ಬಸ್ಸು ಹತ್ತಿಸಿ ಹಾಸನಕ್ಕೆ ಕರೆದೊಯ್ದರು. ಆ ವಿವೇಕವೇ ಅವರನ್ನು ಉಳಿಸಿತು. ಇಂಥ ಮರುಬೇನೆ ಬಾರದಂತೆ ಮೊದಲ ಮೂರರಿಂದ ಆರು ತಿಂಗಳು ಜೊತೆಗೆ ಮತ್ತೊಂದು ಮದ್ದನ್ನು ಅಲ್ಪಪ್ರಮಾಣದಲ್ಲಿ ಕೊಡುವುದು ಇಂದಿನ ಪದ್ಧತಿ. ಅಮೆರಿಕದ ಸಂಧಿರೋಗ ತಜ್ಞರ ಸಂಘವು ೨೦೨೦ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ಅಲೊಪ್ಯೂರಿನಾಲ್ ಸೇವಿಸುವ ಕ್ರಮ

ಈ ಮದ್ದನ್ನು ರೂಪಿಸಿದವರಲ್ಲಿ ಪ್ರಮುಖರು ಗರ್ಟ್ರೂಡ್ ಎಲಿಯನ್ ಎಂಬ ಅಮೆರಿಕದ ವಿದುಷಿ ಮತ್ತು ಅವರ ಸಹೋದ್ಯೋಗಿ ಜಾರ್ಜ್ ಹಿಚಿಂಗ್ಸ್. ತಮ್ಮ ಅಜ್ಜ ಕ್ಯಾನ್ಸರಿನಿಂದ ತೀರಿಕೊಂಡದ್ದನ್ನು ಕಂಡ ಆ ತಾಯಿ ಔಷಧ ಸಂಶೋಧನೆಯನ್ನೇ ಬಾಳಿನ ಕಾಯಕವಾಗಿಸಿಕೊಂಡರು. ರಕ್ತದ ಕ್ಯಾನ್ಸರಿಗೆ ಕೊಡುವ ಒಂದು ಔಷಧವು ದೇಹದಲ್ಲಿ ಬೇಗ ನಾಶವಾಗದಂತೆ ತಡೆಯಲು ಹುಡುಕಿದ ವಸ್ತುವೇ ಅಲೊಪ್ಯೂರಿನಾಲ್. ಅದು ಯೂರಿಕ್ ಆಮ್ಲವನ್ನೂ ತಗ್ಗಿಸುವುದೆಂದು ಕಂಡು, ೧೯೬೬ರಲ್ಲಿ ಅಮೆರಿಕದಲ್ಲಿ ಗೌಟ್‌ಗೆ ಬಳಕೆಗೆ ಬಂದಿತು. ಇಬ್ಬರಿಗೂ ೧೯೮೮ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಈ ಚರಿತ್ರೆಯಲ್ಲಿಯೇ ಒಂದು ಎಚ್ಚರಿಕೆ ಅಡಗಿದೆ. ಇನ್ನೊಂದು ಔಷಧವನ್ನು ದೇಹದಲ್ಲಿ ಉಳಿಸುವ ಗುಣ ಇದಕ್ಕಿರುವುದರಿಂದ, ಮೂತ್ರಪಿಂಡ ಕಸಿಯಾದವರೂ ಕೆಲವು ಸಂಧಿರೋಗ, ಕರುಳಿನ ರೋಗಗಳವರೂ ಸೇವಿಸುವ ಅಜಥಯೋಪ್ರಿನ್ ಎಂಬ ಮಾತ್ರೆಯ ಜೊತೆ ಇದು ಸೇರಿದರೆ ಆ ಮಾತ್ರೆ ವಿಷಪ್ರಮಾಣಕ್ಕೆ ಏರಿ ರಕ್ತಕಣಗಳು ಕುಸಿಯುತ್ತವೆ. ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ಈಗಾಗಲೇ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಅಮೃತಬಳ್ಳಿಯ ಕಷಾಯ, ಲೇಹ್ಯ, ಚೂರ್ಣಗಳನ್ನೂ ಮರೆಮಾಚದೆ ಹೇಳಬೇಕು.

ಮದ್ದಿಗೆ ಮುನ್ನ ರಕ್ತದಲ್ಲಿ ಯೂರಿಕ್ ಆಮ್ಲವನ್ನೂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅನ್ನೂ ಪರೀಕ್ಷಿಸುತ್ತಾರೆ. ಬೇನೆಯ ದಿನಗಳಲ್ಲಿ ಯೂರಿಕ್ ಆಮ್ಲ ಕೆಲವೊಮ್ಮೆ ಸಹಜವಾಗಿಯೇ ಕಾಣುವುದರಿಂದ, ಬೇನೆ ಇಳಿದ ಎರಡು ಮೂರು ವಾರಗಳ ನಂತರ ಮತ್ತೊಮ್ಮೆ ನೋಡಬೇಕಾಗಬಹುದು. ಇದಕ್ಕೆ ವಿರುದ್ಧವಾಗಿ, ಯಾವ ಬೇನೆಯೂ ಇಲ್ಲದೆ ಕಾಗದದಲ್ಲಿ ಅಂಕೆ ಮಾತ್ರ ಏರಿದ್ದರೆ ಸಾಮಾನ್ಯವಾಗಿ ಮದ್ದು ಬೇಕಾಗುವುದಿಲ್ಲ. ಕಾಗದ ನೋಡಿ ತಾವೇ ಮಾತ್ರೆ ಕೊಳ್ಳಬಾರದು.

ಆರಂಭದ ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ ೧೦೦ ಮಿಲಿಗ್ರಾಂ. ಮೂತ್ರಪಿಂಡ ದುರ್ಬಲವಾದವರಿಗೆ ಅದಕ್ಕಿಂತಲೂ ಕಡಿಮೆ. ಕೆಲವು ವಾರಗಳಿಗೊಮ್ಮೆ ರಕ್ತ ಪರೀಕ್ಷಿಸಿ ವೈದ್ಯರು ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾರೆ. ಯೂರಿಕ್ ಆಮ್ಲ ೬ ಮಿಲಿಗ್ರಾಂಗಿಂತ ಕೆಳಗೆ ಬಂದು ಅಲ್ಲಿಯೇ ನಿಲ್ಲುವುದು ಗುರಿ. ಪಕ್ಕದ ಮನೆಯವರು ೩೦೦ ಮಿಲಿಗ್ರಾಂ ಸೇವಿಸುತ್ತಾರೆಂದು ಮೊದಲ ದಿನವೇ ಅಷ್ಟನ್ನು ಸೇವಿಸುವುದು ಅಪಾಯ. ಊಟವಾದ ಮೇಲೆ, ದಿನವೂ ಒಂದೇ ಹೊತ್ತಿಗೆ, ನೀರಿನೊಂದಿಗೆ ಸೇವಿಸಬೇಕು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು.

ಇದು ಒಗ್ಗದವರಿಗೆ ಫೆಬುಕ್ಸೊಸ್ಟಾಟ್ ಇದೆ. ಅದರ ವಿಷಯದಲ್ಲಿ ಹೃದ್ರೋಗಿಗಳು ಎಚ್ಚರದಿಂದಿರಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೯ರಲ್ಲಿ ವಿಶೇಷ ಸೂಚನೆ ನೀಡಿತು. ಹೃದಯಾಘಾತವಾಗಿದ್ದವರು ಅದನ್ನು ವೈದ್ಯರಿಗೆ ಹೇಳಲೇಬೇಕು.

ನಿಲ್ಲಿಸಬಾರದ ಸಮಯ, ನಿಲ್ಲಿಸಲೇಬೇಕಾದ ಸಮಯ

ಈ ಲೇಖನದಲ್ಲಿ ಉಳಿದುದೆಲ್ಲ ಮರೆತರೂ ಈ ಭಾಗವೊಂದನ್ನು ವಾಚಕರು ನೆನಪಿಡಬೇಕೆಂದು ಪ್ರಾರ್ಥಿಸುತ್ತೇವೆ.

ಅಲೊಪ್ಯೂರಿನಾಲ್ ಸೇವಿಸುತ್ತಿರುವಾಗ ಬೇನೆ ಬಂದರೆ ಅದನ್ನು ನಿಲ್ಲಿಸಬಾರದು. ಅದನ್ನು ಮುಂದುವರಿಸಿಕೊಂಡೇ ಬೇನೆಯ ಮದ್ದನ್ನು ವೈದ್ಯರಿಂದ ಪಡೆಯಬೇಕು. ಬೇನೆ ಪೂರ್ತಿ ನಿಂತು ವರ್ಷವಾಯಿತೆಂದೂ ನಿಲ್ಲಿಸಬಾರದು. ನಿಲ್ಲಿಸಿದರೆ ಯೂರಿಕ್ ಆಮ್ಲ ಮತ್ತೆ ಏರುತ್ತದೆ, ಹರಳು ಮತ್ತೆ ಕೂರುತ್ತದೆ. ನಡುವೆ ಬಹಳ ದಿನ ಬಿಟ್ಟಿದ್ದವರು ಹಳೆಯ ದೊಡ್ಡ ಪ್ರಮಾಣದಿಂದಲೇ ತಾವಾಗಿ ಮತ್ತೆ ಆರಂಭಿಸಬಾರದು, ವೈದ್ಯರನ್ನು ಕೇಳಬೇಕು.

ಆದರೆ ಮೈಮೇಲೆ ಕೆಂಪು ಗಂದೆಗಳೆದ್ದರೆ, ಅದರಲ್ಲಿಯೂ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪಾಗುವುದು, ಚರ್ಮ ಸುಲಿಯುವುದು ಕಂಡರೆ, ಆ ಕ್ಷಣವೇ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದು ಅಪರೂಪ, ಆದರೆ ಬಂದಾಗ ಪ್ರಾಣಾಪಾಯಕರ. ಮದ್ದು ಆರಂಭಿಸಿದ ಮೊದಲ ಎರಡು ತಿಂಗಳುಗಳಲ್ಲಿ ಇದರ ಭಯ ಹೆಚ್ಚು. ಅಲ್ಪಪ್ರಮಾಣದಿಂದ ಆರಂಭಿಸುವುದಕ್ಕೆ ಇದೂ ಒಂದು ಕಾರಣ. ಗಂದೆಗೆ ಬೇವಿನ ಲೇಪ ಹಚ್ಚಿ, ಮಾತ್ರೆಯನ್ನೂ ಮುಂದುವರಿಸಿ ನೋಡೋಣವೆಂಬ ಧೈರ್ಯ ಬೇಡ.

ಬೇಲಿಯ ಹೂವಿನಲ್ಲಿರುವ ಮದ್ದು

ಗೌರಿಹಬ್ಬದ ಸುಮಾರಿಗೆ ಬೇಲಿಗಳ ಮೇಲೆ ಹಬ್ಬಿ, ಕೆಂಪು ಹಳದಿಯ ಜ್ವಾಲೆಯಂತೆ ಅರಳುವ ಹೂವನ್ನು ಗೌರಿಹೂವೆಂದೂ ಅಗ್ನಿಶಿಖೆಯೆಂದೂ ಕರೆಯುತ್ತೇವೆ. ಬೇನೆಗೆ ಕೊಡುವ ಕಾಲ್ಚಿಸಿನ್ ಎಂಬ ವಸ್ತು ಇದರ ಬೀಜದಲ್ಲಿಯೂ ಗಡ್ಡೆಯಲ್ಲಿಯೂ ಇದೆ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಇದನ್ನು ಬೆಳೆಯುತ್ತಾರೆ. ಹಾಗೆಂದು ಯಾರೂ ಗಡ್ಡೆಯನ್ನು ಅಗೆದು ತೇಯ್ದು ಕುಡಿಯಬಾರದು. ಗೆಣಸೆಂದು ತಿಳಿದು ಇದನ್ನು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಗಡ್ಡೆಯಲ್ಲಿ ಎಷ್ಟು ವಿಷವಿದೆಯೆಂದು ಅಳೆಯುವ ತಕ್ಕಡಿ ಯಾವ ಮನೆಯಲ್ಲಿಯೂ ಇಲ್ಲ.

ಮಾತ್ರೆಯಲ್ಲಿರುವುದು ೦.೫ ಮಿಲಿಗ್ರಾಂನಷ್ಟು ಅತ್ಯಲ್ಪ ಪ್ರಮಾಣ. ಹಿಂದೆ ಭೇದಿಯಾಗುವವರೆಗೆ ಗಂಟೆಗೊಂದರಂತೆ ಕೊಡುತ್ತಿದ್ದರು. ಕಡಿಮೆ ಪ್ರಮಾಣವೂ ಅಷ್ಟೇ ಗುಣ ಕೊಡುವುದೆಂದೂ ಉಪದ್ರವ ಬಹಳ ಕಡಿಮೆಯೆಂದೂ ೨೦೧೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿದ ಮೇಲೆ ಆ ಪದ್ಧತಿಗೆ ಆಧಾರ ಉಳಿಯಲಿಲ್ಲ. ನೋವು ಇಳಿಯಲಿಲ್ಲವೆಂದು ಚೀಟಿಯಲ್ಲಿ ಬರೆದುದಕ್ಕಿಂತ ಒಂದು ಮಾತ್ರೆಯನ್ನೂ ಹೆಚ್ಚಿಗೆ ಸೇವಿಸಬಾರದು. ವಾಂತಿ ಭೇದಿ ಆರಂಭವಾದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಕ್ಲಾರಿಥ್ರೊಮೈಸಿನ್ ಎಂಬ ಸೋಂಕಿನ ಔಷಧ, ಹೃದಯಕ್ಕೂ ರಕ್ತದೊತ್ತಡಕ್ಕೂ ಕೊಡುವ ವೆರಪಾಮಿಲ್, ಡಿಲ್ಟಿಯಾಜೆಮ್ ಇವುಗಳೊಂದಿಗೆ ಇದು ದೇಹದಲ್ಲಿ ಉಳಿದು ವಿಷವಾಗಬಹುದು. ಮೂತ್ರಪಿಂಡದ ತೊಂದರೆಯಿದ್ದರೆ ಅಪಾಯ ಇನ್ನೂ ಹೆಚ್ಚು. ಕೆಲವೇ ಮಾತ್ರೆಗಳು ಮಗುವಿನ ಪ್ರಾಣಕ್ಕೆ ಸಾಕು. ಮೊಮ್ಮಕ್ಕಳ ಕೈಗೆ ಎಟುಕದಂತೆ ಇಡುವುದು ಮನೆಯ ಹಿರಿಯರ ಧರ್ಮ.

ನೋವಿನ ಮಾತ್ರೆ

ಡೈಕ್ಲೊಫೆನಾಕ್, ಇಂಡೊಮೆಥಾಸಿನ್ ಮೊದಲಾದ ಮಾತ್ರೆಗಳು ಬೇನೆಯನ್ನು ಬೇಗ ಇಳಿಸುತ್ತವೆ. ಕೆಲವೇ ದಿನ, ತಕ್ಕ ರೋಗಿಗೆ, ಊಟದ ನಂತರ ಕೊಟ್ಟರೆ ಅವು ಉಪಕಾರಿಯೇ. ಮೂತ್ರಪಿಂಡದ ರೋಗ, ಹೊಟ್ಟೆಯ ಹುಣ್ಣು, ಹೃದಯದ ದೌರ್ಬಲ್ಯ ಇರುವವರಿಗೆ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಿಗೆ ಅವು ಹಾನಿಕಾರಕ. ಬೇಗ ಇಳಿಯಲೆಂದು ಎರಡು ಬಗೆಯ ನೋವಿನ ಮಾತ್ರೆಗಳನ್ನು ಒಟ್ಟಿಗೆ ನುಂಗುವುದು ಮೂತ್ರಪಿಂಡಕ್ಕೆ ಎರಡು ಪೆಟ್ಟು ಕೊಟ್ಟಂತೆ. ಅಂಥವರಿಗೆ ವೈದ್ಯರು ಕೆಲವು ದಿನ ಸ್ಟೀರಾಯ್ಡ್ ಕೊಡುವುದುಂಟು. ಅದು ಸಕ್ಕರೆ ಕಾಯಿಲೆಯನ್ನು ಏರಿಸುವುದರಿಂದ ಹೇಳಿದ ದಿನಕ್ಕಿಂತ ಹೆಚ್ಚು ಮುಂದುವರಿಸಬಾರದು, ನಿಲ್ಲಿಸುವ ಕ್ರಮವನ್ನೂ ಕೇಳಿಕೊಳ್ಳಬೇಕು.

ಅಲೊಪ್ಯೂರಿನಾಲ್, ಡೈಕ್ಲೊಫೆನಾಕ್ ಇವೆರಡೂ ೧೯೪೫ರ ಔಷಧ ನಿಯಮಗಳ ಷೆಡ್ಯೂಲ್ ಎಚ್ ಪಟ್ಟಿಯಲ್ಲಿವೆ. ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅಂಗಡಿಯವರು ಪರಿಚಯದವರೆಂದು ಹಳೆಯ ಪಟ್ಟಿ ತೋರಿಸಿ ಕೊಳ್ಳುವ ಅಭ್ಯಾಸವನ್ನು ನಾವೇ ಬಿಡಬೇಕು. ಇನ್ನೊಂದು ಮಾತು: ಹೃದಯಕ್ಕಾಗಿ ವೈದ್ಯರು ಕೊಟ್ಟ ಸಣ್ಣ ಆಸ್ಪಿರಿನ್ ಮಾತ್ರೆಯೂ ರಕ್ತದೊತ್ತಡದ ಮಾತ್ರೆಯೂ ಯೂರಿಕ್ ಆಮ್ಲ ಏರಿಸುತ್ತವೆಂದು ಕೇಳಿ ಅವನ್ನು ತಾವಾಗಿಯೇ ಬಿಟ್ಟರೆ ಕಾಲು ಉಳಿಸಲು ಹೋಗಿ ಪ್ರಾಣಕ್ಕೆ ಸಂಚಕಾರ ತಂದುಕೊಂಡಂತೆ. ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಬಹುದು.

ಉಪವಾಸ, ಪೂಜೆ, ಪ್ರಸಾದ

ಭಾವನವರಿಗೆ ಮೊದಲ ಬೇನೆ ಬಂದದ್ದು ಉಪವಾಸದ ರಾತ್ರಿಯೆಂಬುದು ಕಾಕತಾಳೀಯವೆಂದು ತೋರುವುದಿಲ್ಲ. ನಿರಾಹಾರವೂ ನೀರಿನ ಕೊರತೆಯೂ ಯೂರಿಕ್ ಆಮ್ಲವನ್ನು ಥಟ್ಟನೆ ಏರಿಸುತ್ತವೆ. ಶಿವರಾತ್ರಿ ಬಿಸಿಲೇರುವ ಕಾಲದಲ್ಲಿಯೇ ಬರುತ್ತದೆ. ಈ ವ್ಯಾಧಿಯಿರುವ ಸದ್ಭಕ್ತರು ಅಂದು ನಿರ್ಜಲ ಉಪವಾಸ ಮಾಡಬಾರದು. ನೀರು, ಹಾಲು, ಮಜ್ಜಿಗೆ, ಹಣ್ಣು ಸ್ವೀಕರಿಸಬೇಕು, ಮಾತ್ರೆಯನ್ನು ತಪ್ಪಿಸಬಾರದು. ಮಾತ್ರೆ ನುಂಗಿದರೆ ವ್ರತಭಂಗವೇ ಎಂದು ಕೇಳುವವರಿಗೆ ನಮ್ಮ ಉತ್ತರ: ಔಷಧ ಭೋಗವಲ್ಲ. ದೇಹವನ್ನು ದಂಡಿಸುವುದು ಶರಣಮಾರ್ಗದಲ್ಲಿ ಭಕ್ತಿಯ ಅಳತೆಯಲ್ಲ. ಅಂಗದ ಮೇಲೆ ಲಿಂಗ ಧರಿಸಿದವನಿಗೆ ಆ ಅಂಗವನ್ನು ಕಾಪಾಡುವುದೂ ಕರ್ತವ್ಯ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರಂಥ ವೈದ್ಯರೂ ಇದ್ದರೆಂಬುದನ್ನು ನೆನೆಯಬೇಕು. ಹೃದಯ ಅಥವಾ ಮೂತ್ರಪಿಂಡದ ರೋಗಕ್ಕಾಗಿ ನೀರಿಗೆ ಮಿತಿ ಹೇಳಿಸಿಕೊಂಡವರು ಮಾತ್ರ ಆ ಮಿತಿಯನ್ನೇ ಪಾಲಿಸಬೇಕು.

ಬೇನೆಯ ದಿನಗಳಲ್ಲಿ ಪದ್ಮಾಸನ ಹಾಕಿ ಪೂಜೆಗೆ ಕೂರಲಾಗದಿದ್ದರೆ ಕುರ್ಚಿಯ ಮೇಲೆ ಕುಳಿತು ಇಷ್ಟಲಿಂಗಪೂಜೆ ಮಾಡಬಹುದು. ಮಾತ್ರೆಯನ್ನು ಪೂಜೆಯ ನಂತರದ ಪ್ರಸಾದಕ್ಕೆ ಹೊಂದಿಸಿಕೊಂಡರೆ ಮರೆವಿಗೆ ಅವಕಾಶವಿರುವುದಿಲ್ಲ.

ಮನೆಯವರು ಒಂದು ಸಣ್ಣ ಪುಸ್ತಕವಿಟ್ಟು ಮಾತ್ರೆಯ ಹೆಸರು, ಪ್ರಮಾಣ, ಏರಿಸಿದ ದಿನಾಂಕ, ರಕ್ತಪರೀಕ್ಷೆಯ ಅಂಕೆ, ಬೇನೆ ಬಂದ ದಿನ ಇಷ್ಟನ್ನು ಬರೆದಿಡಬೇಕು. ಬೇರೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಅದನ್ನು ತೋರಿಸಬೇಕು. ಸಂಧಿ ಊದಿ ಕೆಂಪಾದುದರ ಜೊತೆ ಜ್ವರ, ಚಳಿ ನಡುಕ ಬಂದರೆ ಅದು ಗೌಟ್ ಎಂದೇ ಭಾವಿಸಿ ಕಾಯಬಾರದು. ಸಂಧಿಯೊಳಗೆ ಕೀವಾಗಿದ್ದರೂ ಹೀಗೆಯೇ ಕಾಣುತ್ತದೆ; ಅದಕ್ಕೆ ಅಂದೇ ಚಿಕಿತ್ಸೆ ಆಗಬೇಕು.

ಕಡೆಯ ಮಾತು

ಭಾವನವರ ಮೂತ್ರಪಿಂಡಗಳಿಗೆ ಕಳೆದುಹೋದ ಶಕ್ತಿ ಮರಳಿ ಬರಲಿಲ್ಲ. ಬರುವುದೂ ಇಲ್ಲವೆಂದು ವೈದ್ಯರು ಹೇಳಿದ್ದಾರೆ. ಇನ್ನಷ್ಟು ಕೆಡದೆ ನಿಂತಿರುವುದೇ ದೇವರ ದಯೆ. ಅವರಿಗೆ ೫೦ ಮಿಲಿಗ್ರಾಂನಿಂದ ಆರಂಭಿಸಿದ ಅಲೊಪ್ಯೂರಿನಾಲ್ ಅನ್ನು ತಿಂಗಳುಗಟ್ಟಲೆ ನೋಡಿ ನೋಡಿ ಏರಿಸಿದರು. ಯೂರಿಕ್ ಆಮ್ಲ ಆರಕ್ಕಿಂತ ಕೆಳಗಿಳಿದು ಎರಡು ವರ್ಷ ಕಳೆದಿದೆ. ಬೇನೆ ಮತ್ತೆ ಬಂದಿಲ್ಲ. ಕಳೆದ ಸಲ ಬೇಲೂರಿನ ಮದುವೆಯೊಂದರಲ್ಲಿ ಸಿಕ್ಕಾಗ ನಡೆದುಕೊಂಡೇ ಬಂದು ನಮ್ಮ ಪಕ್ಕದಲ್ಲಿ ಪಂಕ್ತಿಗೆ ಕುಳಿತರು. ಊಟವಾದ ಮೇಲೆ ಜೇಬಿನಿಂದ ಗುಳಿಗೆ ತೆಗೆದು ನೀರು ಕುಡಿದರು. ಇಂದಿಗೆ ಬೇನೆ ಇಲ್ಲವಲ್ಲ ಭಾವ ಎಂದು ಪರೀಕ್ಷಿಸಲು ಕೇಳಿದೆವು. "ಕಷ್ಟ ಬಂದ ದಿನ ಮಾತ್ರ ಲಿಂಗಪೂಜೆ ಮಾಡು ಎಂದು ನೀವು ಯಾವತ್ತಾದರೂ ಹೇಳಿದ್ದೀರಾ ಪಂಡಿತರೇ?" ಎಂದರು.

ನಮ್ಮ ಮನೆಯಲ್ಲಿ ಉಳಿದಿದ್ದ ಪುಡಿಯ ಪೊಟ್ಟಣಗಳನ್ನು ಅಂದೇ ತಿಪ್ಪೆಗೆ ಸೇರಿಸಿದೆವು. ವಾಚಕ ಮಹಾಶಯರೂ ತಮ್ಮ ಮನೆಯ ಗೂಡು, ಅಟ್ಟ, ಪೆಟ್ಟಿಗೆಗಳಲ್ಲಿ ಹೆಸರಿಲ್ಲದ ಪುಡಿ, ಯಾರೋ ಬಿಟ್ಟುಹೋದ ಮಾತ್ರೆ, ಅವಧಿ ಮೀರಿದ ಪಟ್ಟಿಗಳಿದ್ದರೆ ಇಂದೇ ತೆಗೆದುಹಾಕಬೇಕು. ಕಾಲು ಹಿಡಿದು ನರಳುವ ಹಿರಿಯರಿದ್ದರೆ ಅವರ ಸಂಕೋಚವನ್ನು ಬಿಡಿಸಿ ಒಳ್ಳೆಯ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ಕೋರುತ್ತೇವೆ.